ಸವೆದ ಕೀಲಿಗೆ ಹೊಸ ಮೆತ್ತೆ ಸಿಕ್ಕೀತೆ?
ಬೆಳವಣಿಗೆ ಕಾರಕಗಳು ಮತ್ತು ಮೃದ್ವಸ್ಥಿಯ ದುರಸ್ತಿ

ಮಕ್ಕಳೇ, ಆಟವಾಡುವಾಗ ಬಿದ್ದು ಮಂಡಿ ತರಚಿಕೊಳ್ಳದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಚರ್ಮ ಕಿತ್ತು ರಕ್ತ ಬರುತ್ತದೆ. ಸ್ವಲ್ಪ ಹೊತ್ತಿಗೆ ರಕ್ತ ಹೆಪ್ಪುಗಟ್ಟುತ್ತದೆ. ಆಮೇಲೆ ಹಕ್ಕಳೆ ಕಟ್ಟುತ್ತದೆ. ವಾರ ಹತ್ತು ದಿನಗಳಲ್ಲಿ ಹಕ್ಕಳೆ ಉದುರಿ ಕೆಳಗೆ ಹೊಸ ಚರ್ಮ ಕಾಣುತ್ತದೆ. ಕೈಮೂಳೆ ಮುರಿದರೂ ಹೀಗೆಯೇ. ವೈದ್ಯರು ಮೂಳೆಯನ್ನು ಸರಿಯಾಗಿ ಜೋಡಿಸಿ ಪ್ಲಾಸ್ಟರ್ ಹಾಕುತ್ತಾರೆ. ಕೂಡಿಸುವ ಕೆಲಸವನ್ನು ಮೂಳೆಯೇ ಮಾಡಿಕೊಳ್ಳುತ್ತದೆ.

ಆದರೆ ಅದೇ ಮಂಡಿಯ ಒಳಗೆ, ಮೂಳೆಯ ತುದಿಗೆ ಹೊದಿಸಿದಂತೆ ಒಂದು ನುಣುಪಾದ ಪದರವಿದೆ. ಅದಕ್ಕೆ ಪೆಟ್ಟು ಬಿದ್ದರೆ ಅಥವಾ ಅದು ಸವೆದರೆ ಸುಲಭವಾಗಿ ಮಾಯುವುದಿಲ್ಲ. ಅಜ್ಜ ಅಜ್ಜಿಯರು ನೆಲದಿಂದ ಏಳುವಾಗ ಮಂಡಿಗೆ ಕೈ ಊರಿ ನರಳುವುದನ್ನು ನೀವು ನೋಡಿರಬಹುದು. ಅನೇಕರ ಆ ನೋವಿನ ಹಿಂದೆ ಈ ಪದರದ ಸವೆತವೂ ಇರುತ್ತದೆ. ಚರ್ಮ ಮಾಯುತ್ತದೆ, ಮೂಳೆ ಕೂಡಿಕೊಳ್ಳುತ್ತದೆ, ಈ ಪದರ ಮಾತ್ರ ಏಕೆ ಹೀಗೆ? ಅದನ್ನು ಮತ್ತೆ ಬೆಳೆಸಲು ಸಾಧ್ಯವೆ? ಈ ಪಾಠದಲ್ಲಿ ತಿಳಿಯೋಣ.

ಮೂಳೆಗೆ ಮೂಳೆ ತಾಗದಂತೆ

ಎರಡು ಮೂಳೆಗಳು ಸೇರುವ ಜಾಗವೇ ಕೀಲು. ಮೊಣಕಾಲಿನ ಕೀಲು ಬಾಗಿಲಿನ ಬಿಜಾಗರಿಯಂತೆ ಮುಖ್ಯವಾಗಿ ಹಿಂದಕ್ಕೂ ಮುಂದಕ್ಕೂ ಆಡುತ್ತದೆ. ಭುಜದ ಕೀಲು ಎಲ್ಲ ಕಡೆಗೂ ತಿರುಗುತ್ತದೆ. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕದಿದ್ದರೆ ಏನಾಗುತ್ತದೆ ಎಂದು ನಿಮ್ಮ ಊರಿನ ಹಿರಿಯರನ್ನು ಕೇಳಿ. ಗಾಡಿ ಕಿರುಗುಟ್ಟುತ್ತದೆ, ಅಚ್ಚು ಸವೆಯುತ್ತದೆ. ನಮ್ಮ ಕೀಲುಗಳು ದಿನಕ್ಕೆ ಸಾವಿರಾರು ಸಲ ಆಡಿದರೂ ಹಾಗಾಗದಿರಲು ಎರಡು ಏರ್ಪಾಡುಗಳಿವೆ.

ಮೊದಲನೆಯದು ಕೀಲುದ್ರವ. ಇದು ಕೀಲಿನ ಒಳಗಿರುವ, ಮೊಟ್ಟೆಯ ಬಿಳಿ ಭಾಗದಂತೆ ಲೋಳೆಯಾದ ದ್ರವ. ಎರಡನೆಯದು ಮೃದ್ವಸ್ಥಿ. ಹೆಸರೇ ಹೇಳುವಂತೆ ಇದು ಮೃದುವಾದ ಅಸ್ಥಿ. ನಿಮ್ಮ ಕಿವಿಯ ಹಾಲೆಯ ಮೇಲ್ಭಾಗವನ್ನು ಮಡಚಿ ಬಿಡಿ. ಮೂಗಿನ ತುದಿಯನ್ನು ಒತ್ತಿ ನೋಡಿ. ಮೂಳೆಯಷ್ಟು ಗಟ್ಟಿಯಲ್ಲ, ಮಾಂಸದಷ್ಟು ಮೆತ್ತಗೂ ಅಲ್ಲ, ಅಲ್ಲವೆ? ಒಳಗಿರುವುದು ಮೃದ್ವಸ್ಥಿ. ಕೀಲುಗಳಲ್ಲಿ ಇರುವುದು ಇದರದೇ ಇನ್ನೊಂದು ಬಗೆ. ನೋಡಲು ನೀಲಿ ಛಾಯೆಯ ಬಿಳಿ ಗಾಜಿನಂತೆ ನುಣುಪಾಗಿರುತ್ತದೆ. ಮಂಡಿಯಲ್ಲಿ ಇದರ ದಪ್ಪ ಹೆಚ್ಚಿನ ಕಡೆ 2ರಿಂದ 4 ಮಿಲಿಮೀಟರು ಮಾತ್ರ. ಮಂಜುಗಡ್ಡೆಯ ಮೇಲೆ ಮಂಜುಗಡ್ಡೆ ಜಾರುವುದಕ್ಕಿಂತಲೂ ಸಲೀಸಾಗಿ ಎರಡು ಮೃದ್ವಸ್ಥಿಗಳು ಒಂದರ ಮೇಲೊಂದು ಜಾರಬಲ್ಲವು.

ನಾವು ಸಮತಟ್ಟಾದ ನೆಲದಲ್ಲಿ ನಡೆಯುವಾಗಲೇ ಮಂಡಿಯ ಮೇಲೆ ನಮ್ಮ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಅಂದರೆ 30 ಕಿಲೋಗ್ರಾಂ ತೂಕದ ಹುಡುಗಿಯ ಮಂಡಿಯ ಮೇಲೆ ಪ್ರತಿ ಹೆಜ್ಜೆಗೂ 60ರಿಂದ 90 ಕಿಲೋಗ್ರಾಂ ಭಾರ! ಇಷ್ಟನ್ನೂ ತಾಳುವುದು ಆ ತೆಳುವಾದ ಮೆತ್ತೆ.

ಮಾಡಿ ನೋಡಿ – 1

ಬೇಕಾಗುವ ವಸ್ತುಗಳು: ಪಾತ್ರೆ ತೊಳೆಯುವ ಸ್ಪಂಜು, ಒಂದು ತಟ್ಟೆ, ನೀರು, ಸ್ವಲ್ಪ ನೀಲಿ ಶಾಯಿ.

ಸ್ಪಂಜನ್ನು ಶುದ್ಧ ನೀರಿನಲ್ಲಿ ಅದ್ದಿ ತಟ್ಟೆಯಲ್ಲಿಡಿ. ತಟ್ಟೆಗೆ ಶಾಯಿ ಬೆರೆಸಿದ ನೀರನ್ನು ಹಾಕಿ. ಸ್ಪಂಜನ್ನು ಮುಟ್ಟದೆ ಐದು ನಿಮಿಷ ಬಿಡಿ. ಶಾಯಿ ಅಂಚಿನಲ್ಲಿ ನಿಧಾನವಾಗಿ ಮಾತ್ರ ಒಳಗೆ ಹೋಗುತ್ತದೆ. ಈಗ ಅಂಗೈಯಿಂದ ಸ್ಪಂಜನ್ನು ಹತ್ತು ಸಲ ಒತ್ತಿ ಬಿಡಿ. ಶಾಯಿ ಬೇಗನೆ ಒಳಭಾಗಕ್ಕೂ ತಲುಪುತ್ತದೆ. ಮೃದ್ವಸ್ಥಿಯೂ ಸ್ವಲ್ಪ ಮಟ್ಟಿಗೆ ಹೀಗೆಯೇ. ಕಾಲೂರಿದಾಗ ಅದರಿಂದ ದ್ರವ ಹೊರಬರುತ್ತದೆ, ಕಾಲೆತ್ತಿದಾಗ ಒಳಸೇರುತ್ತದೆ. ಹೀಗೆ ಒಳಸೇರುವ ಕೀಲುದ್ರವದಲ್ಲೇ ಮೃದ್ವಸ್ಥಿಗೆ ಬೇಕಾದ ಆಹಾರವಿರುತ್ತದೆ. ನಡೆಯುವುದು, ಆಡುವುದು ಕೀಲಿಗೆ ಊಟವಿಟ್ಟಂತೆ ಎಂಬುದನ್ನು ನೆನಪಿಡಿ.

ಗಾಯ ಏಕೆ ಮಾಯುವುದಿಲ್ಲ?

ಕೀಲಿನ ಮೃದ್ವಸ್ಥಿಯ ಮುಕ್ಕಾಲು ಪಾಲಿನಷ್ಟು ನೀರೇ. ಆ ನೀರನ್ನು ಹಿಡಿದಿಡಲು ಎರಡು ಮುಖ್ಯ ವಸ್ತುಗಳಿವೆ. ಒಂದು, ಕೊಲ್ಲಾಜೆನ್ ಎಂಬ ಪ್ರೋಟೀನಿನ ನಾರುಗಳು. ಇವು ಬಲೆಯಂತೆ ಹೆಣೆದುಕೊಂಡಿರುತ್ತವೆ. ಇನ್ನೊಂದು, ಸಕ್ಕರೆಯ ಸರಪಣಿಗಳು ಅಂಟಿಕೊಂಡ ಪ್ರೋಟೀನು. ಇದು ನೀರನ್ನು ಹೀರಿ ಉಬ್ಬುತ್ತದೆ, ಆದರೆ ನಾರಿನ ಬಲೆ ಅದನ್ನು ಉಬ್ಬಲು ಬಿಡದೆ ಬಿಗಿಹಿಡಿಯುತ್ತದೆ. ಗಾಳಿ ತುಂಬಿದ ಟ್ಯೂಬನ್ನು ಟಯರು ಬಿಗಿದಿಟ್ಟಂತೆ. ಅದರಿಂದಲೇ ಮೃದ್ವಸ್ಥಿಗೆ ಭಾರ ತಾಳುವ ಶಕ್ತಿ ಬಂದಿದೆ.

ಈ ಎರಡೂ ವಸ್ತುಗಳನ್ನು ತಯಾರಿಸುವವು ಮೃದ್ವಸ್ಥಿಯ ಜೀವಕೋಶಗಳು. ಆದರೆ ಇವುಗಳ ಸಂಖ್ಯೆ ಬಹಳ ಕಡಿಮೆ. ಮೃದ್ವಸ್ಥಿಯ ಗಾತ್ರದಲ್ಲಿ ಜೀವಕೋಶಗಳ ಪಾಲು ನೂರಕ್ಕೆ ಸುಮಾರು 2 ಮಾತ್ರ. ದೊಡ್ಡ ಹೊಲದ ನಡುವೆ ದೂರ ದೂರ ಒಂದೊಂದು ಗುಡಿಸಲು ಇದ್ದಂತೆ ಇವು ಒಂಟಿಯಾಗಿ ಇರುತ್ತವೆ. ಒಂದೊಂದೂ ತನ್ನ ಸುತ್ತಲಿನ ಜಾಗವನ್ನಷ್ಟೆ ನೋಡಿಕೊಳ್ಳುತ್ತದೆ.

ಇನ್ನೊಂದು ಕೊರತೆಯೂ ಇದೆ. ಕೀಲಿನ ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ. ಚರ್ಮಕ್ಕೆ ಗಾಯವಾದಾಗ ಮೊದಲು ಓಡಿ ಬರುವುದು ರಕ್ತ. ರಕ್ತದ ಜೊತೆಗೆ ದುರಸ್ತಿ ಮಾಡುವ ಕೋಶಗಳೂ ರಾಸಾಯನಿಕಗಳೂ ಬರುತ್ತವೆ. ಮೃದ್ವಸ್ಥಿಗೆ ಆ ದಾರಿಯೇ ಇಲ್ಲ. ಅದರಲ್ಲಿ ನರಗಳೂ ಇಲ್ಲ. ಆದ್ದರಿಂದ ಸವೆತ ಶುರುವಾದಾಗ ನಮಗೆ ನೋವೇ ಆಗುವುದಿಲ್ಲ. ಸುತ್ತಲಿನ ಪೊರೆ ಊದಿಕೊಂಡು, ಕೆಳಗಿನ ಮೂಳೆಗೆ ಪೆಟ್ಟು ತಗಲಿದ ಮೇಲೆ ನೋವು ತಿಳಿಯುತ್ತದೆ. ಅಷ್ಟರಲ್ಲಿ ಬಹಳ ಹಾನಿ ಆಗಿರುತ್ತದೆ.

ಈ ಸಂಗತಿ ಹೊಸದೇನಲ್ಲ. ಲಂಡನ್ನಿನಲ್ಲಿದ್ದ ವಿಲಿಯಂ ಹಂಟರ್ ಎಂಬ ವೈದ್ಯ 1743ರಲ್ಲೇ ಕೀಲಿನ ಮೃದ್ವಸ್ಥಿಯ ರಚನೆಯನ್ನೂ ರೋಗಗಳನ್ನೂ ಕುರಿತು ಲೇಖನ ಬರೆದ. ಒಮ್ಮೆ ನಾಶವಾದ ಮೃದ್ವಸ್ಥಿ ಮತ್ತೆ ಬರುವುದಿಲ್ಲ ಎಂಬುದನ್ನು ಆತ ಗುರುತಿಸಿದ್ದ. ಅಲ್ಲಿಂದ ಇನ್ನೂರು ವರ್ಷ ಕಳೆದರೂ ವೈದ್ಯರಿಗೆ ಹೆಚ್ಚೇನೂ ಮಾಡಲಾಗಲಿಲ್ಲ. ದಾರಿಯ ಮೊದಲ ಸುಳಿವುಗಳು ಸಿಕ್ಕಿದ್ದು 20ನೆಯ ಶತಮಾನದ ನಡುವಿನಲ್ಲಿ, ಅದೂ ಮಂಡಿಗೆ ಸಂಬಂಧವೇ ಇಲ್ಲದ ಒಂದು ಕೆಲಸದಿಂದ.

ಮಲಗುವ ಕೋಣೆಯ ಪ್ರಯೋಗಾಲಯ

ರೀಟಾ ಲೆವಿ ಮೊಂಟಾಲ್ಚಿನಿ 1909ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಹುಟ್ಟಿದರು. ವೈದ್ಯಶಾಸ್ತ್ರ ಓದಿದರು. 1938ರಲ್ಲಿ ಅಲ್ಲಿನ ಸರ್ಕಾರ ಯಹೂದಿಗಳು ವಿಶ್ವವಿದ್ಯಾಲಯಗಳಲ್ಲಿ ಕೆಲಸ ಮಾಡದಂತೆ ಕಾನೂನು ತಂದಿತು. ಯಹೂದಿಯಾಗಿದ್ದ ರೀಟಾ ಕೆಲಸ ಕಳೆದುಕೊಂಡರು. ಆದರೆ ಸುಮ್ಮನೆ ಕೂರಲಿಲ್ಲ. ತಮ್ಮ ಮಲಗುವ ಕೋಣೆಯಲ್ಲೇ ಪುಟ್ಟ ಪ್ರಯೋಗಾಲಯ ಮಾಡಿಕೊಂಡರು. ಹೊಲಿಗೆ ಸೂಜಿಗಳನ್ನು ಸಾಣೆ ಹಿಡಿದು ಶಸ್ತ್ರಗಳನ್ನಾಗಿ ಮಾಡಿದರು. ಕೋಳಿಮೊಟ್ಟೆಯೊಳಗಿನ ಭ್ರೂಣದಲ್ಲಿ ನರಗಳು ಹೇಗೆ ಬೆಳೆಯುತ್ತವೆ ಎಂದು ನೋಡತೊಡಗಿದರು. ಯುದ್ಧದಲ್ಲಿ ನಗರದ ಮೇಲೆ ಬಾಂಬುಗಳು ಬಿದ್ದಾಗ ಹಳ್ಳಿಮನೆಗೆ ಹೋಗಿ ಅಲ್ಲೂ ಕೆಲಸ ಮುಂದುವರಿಸಿದರು.

ಯುದ್ಧ ಮುಗಿದ ಮೇಲೆ, 1947ರಲ್ಲಿ ಅವರು ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಹೋದರು. ಇಲಿಯ ಒಂದು ಬಗೆಯ ಗಡ್ಡೆಯ ಚೂರನ್ನು ಕೋಳಿಯ ನರಕೋಶಗಳ ಪಕ್ಕದಲ್ಲಿಟ್ಟು ಬೆಳೆಸಿದಾಗ ಒಂದು ಅಚ್ಚರಿ ಕಂಡಿತು. ನರಕೋಶಗಳಿಂದ ಸೂರ್ಯನ ಕಿರಣಗಳಂತೆ ಸುತ್ತಲೂ ಎಳೆಗಳು ಹೊರಟವು! ಗಡ್ಡೆಯಿಂದ ಯಾವುದೋ ವಸ್ತು ಹೊರಬಂದು ನರಕೋಶಗಳಿಗೆ ಬೆಳೆಯಲು ಹೇಳುತ್ತಿದೆ ಎಂದು ರೀಟಾ ಊಹಿಸಿದರು. ಸ್ಟ್ಯಾನ್ಲಿ ಕೋಹೆನ್ ಎಂಬ ರಸಾಯನ ವಿಜ್ಞಾನಿ ಅವರೊಡನೆ ಸೇರಿ ಆ ವಸ್ತುವನ್ನು ಬೇರ್ಪಡಿಸಿದರು. ಅದೊಂದು ಪ್ರೋಟೀನು. ಅದಕ್ಕೆ ನರ ಬೆಳವಣಿಗೆ ಕಾರಕ ಎಂಬ ಹೆಸರು ಬಂತು.

ಕೋಹೆನ್ ಇನ್ನೊಂದನ್ನೂ ಗಮನಿಸಿದರು. ಇಲಿಮರಿಗಳು ಸಾಮಾನ್ಯವಾಗಿ ಸುಮಾರು ಎರಡು ವಾರಕ್ಕೆ ಕಣ್ಣು ತೆರೆಯುತ್ತವೆ. ಇಲಿಯ ಜೊಲ್ಲು ಗ್ರಂಥಿಯ ಸಾರವನ್ನು ಚುಚ್ಚಿದ ಮರಿಗಳು ಒಂದೇ ವಾರದಲ್ಲಿ ಕಣ್ಣು ತೆರೆದವು. ಚರ್ಮವನ್ನು ಬೆಳೆಸುವ ಇನ್ನೊಂದು ಕಾರಕ ಅದರಲ್ಲಿತ್ತು. ಈ ಇಬ್ಬರಿಗೂ 1986ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ರೀಟಾ 103 ವರ್ಷ ಬದುಕಿ 2012ರಲ್ಲಿ ತೀರಿಕೊಂಡರು.

ಬೆಳವಣಿಗೆ ಕಾರಕ ಎಂದರೇನು?

ಬೆಳವಣಿಗೆ ಕಾರಕಗಳು ಒಂದು ಜೀವಕೋಶ ಇನ್ನೊಂದು ಜೀವಕೋಶಕ್ಕೆ ಕಳಿಸುವ ಓಲೆಗಳಿದ್ದಂತೆ. ಇವು ಸಾಮಾನ್ಯವಾಗಿ ಪ್ರೋಟೀನುಗಳು. ಓಲೆ ಬಂದರೆ ಅದನ್ನು ಪಡೆಯುವವರು ಬೇಕಲ್ಲವೆ? ಜೀವಕೋಶದ ಹೊರಪೊರೆಯ ಮೇಲೆ ಗ್ರಾಹಿ ಎಂಬ ಅಣುಗಳಿರುತ್ತವೆ. ಬೀಗಕ್ಕೆ ತಕ್ಕ ಕೀಲಿಕೈ ಕೂತಂತೆ ಕಾರಕವು ತನ್ನ ಗ್ರಾಹಿಯಲ್ಲಿ ಕೂರುತ್ತದೆ. ಆಗ ಜೀವಕೋಶದ ಒಳಗೆ ಒಂದರ ನಂತರ ಒಂದು ಬದಲಾವಣೆ ನಡೆದು ಸುದ್ದಿ ಕೋಶಕೇಂದ್ರವನ್ನು ಮುಟ್ಟುತ್ತದೆ. ಕೋಶವು ಇಬ್ಭಾಗವಾಗಿ ಹೆಚ್ಚಬಹುದು, ಸ್ಥಳ ಬದಲಿಸಬಹುದು, ಹೊಸ ವಸ್ತು ತಯಾರಿಸಬಹುದು ಅಥವಾ ಬೇರೆ ಬಗೆಯ ಕೋಶವಾಗಿ ಬದಲಾಗಬಹುದು. ಗ್ರಾಹಿ ಇಲ್ಲದ ಕೋಶಕ್ಕೆ ಆ ಓಲೆ ತಲುಪುವುದೇ ಇಲ್ಲ.

ಮೃದ್ವಸ್ಥಿಗೆ ಬೇಕಾದ ಒಂದು ಮುಖ್ಯ ಕಾರಕ ಸಿಕ್ಕಿದ್ದು ಅದೇ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದಲ್ಲಿ, 1957ರಲ್ಲಿ. ವಿಲಿಯಂ ಸಾಲ್ಮನ್ ಮತ್ತು ವಿಲಿಯಂ ಡಾಟರ್‌ಡೇ ಎಂಬ ವಿಜ್ಞಾನಿಗಳು ಇಲಿಯ ಮೃದ್ವಸ್ಥಿಯ ಚೂರುಗಳನ್ನು ಗಾಜಿನ ಪಾತ್ರೆಯಲ್ಲಿಟ್ಟು ಪರೀಕ್ಷಿಸಿದರು. ಮಿದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿ ಸುರಿಸುವ ಬೆಳವಣಿಗೆ ಹಾರ್ಮೋನನ್ನು ನೇರವಾಗಿ ಹಾಕಿದರೆ ಚೂರುಗಳಲ್ಲಿ ಹೆಚ್ಚೇನೂ ಆಗಲಿಲ್ಲ. ಆದರೆ ಆ ಹಾರ್ಮೋನನ್ನು ಕೊಟ್ಟ ಇಲಿಯ ರಕ್ತದ ತಿಳಿಯನ್ನು ಹಾಕಿದಾಗ ಚೂರುಗಳು ಚುರುಕಾಗಿ ಹೊಸ ವಸ್ತು ತಯಾರಿಸಿದವು. ಅಂದರೆ ಹಾರ್ಮೋನು ಇನ್ನೊಬ್ಬ ಓಲೆಕಾರನನ್ನು ಕಳಿಸುತ್ತಿತ್ತು! ಆ ಓಲೆಕಾರನನ್ನೇ ಈಗ ಐಜಿಎಫ್-1 ಎಂದು ಕರೆಯುತ್ತಾರೆ.

ನಿಮಗಿದು ಗೊತ್ತೆ?

ನೀವು ಎತ್ತರವಾಗುತ್ತಿರುವುದೂ ಮೃದ್ವಸ್ಥಿಯಿಂದಲೇ. ಮಕ್ಕಳ ಕೈಕಾಲಿನ ಉದ್ದ ಮೂಳೆಗಳ ತುದಿಯ ಬಳಿ ಮೃದ್ವಸ್ಥಿಯ ಒಂದು ತೆಳುವಾದ ತಟ್ಟೆ ಇರುತ್ತದೆ. ಅದು ಬೆಳೆಯುತ್ತಾ, ಬೆಳೆದ ಭಾಗ ಮೂಳೆಯಾಗುತ್ತಾ ಹೋಗುತ್ತದೆ. ಐಜಿಎಫ್-1 ಅಲ್ಲಿಯೂ ಕೆಲಸ ಮಾಡುತ್ತದೆ. ದೊಡ್ಡವರಾದ ಮೇಲೆ ಆ ತಟ್ಟೆ ಪೂರ್ತಿ ಮೂಳೆಯಾಗಿ ಎತ್ತರ ನಿಲ್ಲುತ್ತದೆ.

ಆಮ್ಲದಲ್ಲಿ ನೆನೆದ ಮೂಳೆಯ ಗುಟ್ಟು

1965ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಮೂಳೆ ಶಸ್ತ್ರವೈದ್ಯ ಮಾರ್ಷಲ್ ಯೂರಿಸ್ಟ್ ಒಂದು ವಿಚಿತ್ರವನ್ನು ವರದಿ ಮಾಡಿದರು. ಮೂಳೆಯನ್ನು ಆಮ್ಲದಲ್ಲಿ ನೆನೆಸಿ ಅದರ ಸುಣ್ಣದ ಅಂಶವನ್ನೆಲ್ಲ ತೆಗೆದುಹಾಕಿ, ಉಳಿದ ಮೆತ್ತನೆಯ ಭಾಗವನ್ನು ಮೊಲದ ಸ್ನಾಯುವಿನೊಳಗೆ ಇಟ್ಟರು. ಕೆಲವು ವಾರಗಳಲ್ಲಿ ಸ್ನಾಯುವಿನ ಒಳಗೆ ಹೊಸ ಮೂಳೆ ಬೆಳೆಯಿತು! ಸ್ನಾಯುವಿನಲ್ಲಿ ಮೂಳೆಗೇನು ಕೆಲಸ? ನೆನೆದ ಮೂಳೆಯಲ್ಲಿ ಉಳಿದಿದ್ದ ಯಾವುದೋ ಪ್ರೋಟೀನು ಸುತ್ತಲಿನ ಕೋಶಗಳಿಗೆ ಮೂಳೆ ಕಟ್ಟಲು ಹೇಳಿತ್ತು. ಭಾರತ ಮೂಲದ ವಿಜ್ಞಾನಿ ಎ. ಹರಿ ರೆಡ್ಡಿ ಮತ್ತು ಚಾರ್ಲ್ಸ್ ಹಗಿನ್ಸ್ 1972ರಲ್ಲಿ ಇಲಿಗಳಲ್ಲಿ ಇದನ್ನು ಹಂತ ಹಂತವಾಗಿ ತೋರಿಸಿದರು. ಮೊದಲು ಮೃದ್ವಸ್ಥಿ ಬರುತ್ತಿತ್ತು, ನಂತರ ಅದರ ಜಾಗದಲ್ಲಿ ಮೂಳೆ. ಈ ಕೆಲಸ ಮಾಡುವ ಪ್ರೋಟೀನುಗಳ ಗುಂಪಿಗೆ ಬಿಎಂಪಿ ಎಂದು ಹೆಸರು.

ಮಾಡಿ ನೋಡಿ – 2

ಮಾಂಸದ ಅಡುಗೆ ಮಾಡುವ ಮನೆಗಳ ಮಕ್ಕಳು ಇದನ್ನು ದೊಡ್ಡವರ ಸಹಾಯದಿಂದ ಮಾಡಬಹುದು. ಕೋಳಿಯ ಕಾಲಿನ ಮೂಳೆಯ ತುದಿಯನ್ನು ಮೊದಲು ನೋಡಿ. ಅಲ್ಲಿ ಹೊಳೆಯುವ ನುಣುಪು ಪದರವೇ ಮೃದ್ವಸ್ಥಿ. ಮೂಳೆಯನ್ನು ಚೆನ್ನಾಗಿ ತೊಳೆದು, ಮುಳುಗುವಷ್ಟು ವಿನೆಗರ್ ಹಾಕಿದ ಗಾಜಿನ ಸೀಸೆಯಲ್ಲಿ ಐದಾರು ದಿನ ಇಡಿ. ನಡುವೆ ಒಮ್ಮೆ ವಿನೆಗರ್ ಬದಲಿಸಿ. ಹೊರತೆಗೆದು ತೊಳೆದು ಬಗ್ಗಿಸಿದರೆ ಮೂಳೆ ರಬ್ಬರಿನಂತೆ ಬಾಗುತ್ತದೆ. ಸುಣ್ಣದ ಅಂಶ ಕರಗಿ ಪ್ರೋಟೀನಿನ ಭಾಗ ಉಳಿದಿದೆ. ಯೂರಿಸ್ಟ್ ಬಳಸಿದ್ದು ಇದಕ್ಕಿಂತ ತೀಕ್ಷ್ಣ ಆಮ್ಲ. ಅದನ್ನು ನೀವು ಮುಟ್ಟಬಾರದು. ಪ್ರಯೋಗ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ಕೀಲಿಗೆ ಬೇಕಾದ ಓಲೆಗಳು

ಮೃದ್ವಸ್ಥಿಯ ದುರಸ್ತಿಗಾಗಿ ವಿಜ್ಞಾನಿಗಳು ಹೆಚ್ಚಾಗಿ ಪರೀಕ್ಷಿಸುವ ಕಾರಕಗಳು ಇವು:

* ಐಜಿಎಫ್-1: ಕೋಶಗಳು ಕೊಲ್ಲಾಜೆನ್ ಮತ್ತು ನೀರು ಹಿಡಿಯುವ ಪ್ರೋಟೀನನ್ನು ಹೆಚ್ಚು ತಯಾರಿಸುವಂತೆ ಮಾಡುತ್ತದೆ.
* ಟಿಜಿಎಫ್-ಬೀಟಾ: ಆಕರ ಕೋಶಗಳು ಮೃದ್ವಸ್ಥಿಯ ಕೋಶಗಳಾಗಿ ಬದಲಾಗಲು ನೆರವಾಗುತ್ತದೆ.
* ಬಿಎಂಪಿ-2 ಮತ್ತು ಬಿಎಂಪಿ-7: ಮೃದ್ವಸ್ಥಿ ಮತ್ತು ಮೂಳೆ ಎರಡನ್ನೂ ಕಟ್ಟಲು ಪ್ರಚೋದಿಸುತ್ತವೆ.
* ಎಫ್‌ಜಿಎಫ್-18: ಮೃದ್ವಸ್ಥಿಯ ಕೋಶಗಳು ಹೆಚ್ಚುವಂತೆ, ಹೊಸ ವಸ್ತು ತಯಾರಿಸುವಂತೆ ಮಾಡುತ್ತದೆ.

ಆಕರ ಕೋಶ ಎಂದರೆ ಇನ್ನೂ ಯಾವ ಕಸುಬನ್ನೂ ಹಿಡಿಯದ ಕೋಶ. ತಕ್ಕ ಓಲೆ ಸಿಕ್ಕರೆ ಅದು ಮೂಳೆಯ ಕೋಶವೋ ಮೃದ್ವಸ್ಥಿಯ ಕೋಶವೋ ಆಗಬಲ್ಲದು. ನಮ್ಮ ಅಸ್ಥಿಮಜ್ಜೆಯಲ್ಲಿ ಇಂಥ ಕೋಶಗಳಿವೆ.

ದುರಸ್ತಿಯ ಪ್ರಯತ್ನಗಳು

ಮೊದಲ ಉಪಾಯ, ರಕ್ತ ಬಾರದ ಜಾಗಕ್ಕೆ ರಕ್ತವನ್ನು ಬರಿಸುವುದು. ಮೃದ್ವಸ್ಥಿ ಕಿತ್ತುಹೋದ ಜಾಗದಲ್ಲಿ ಕೆಳಗಿನ ಮೂಳೆಗೆ ಸಣ್ಣ ಸಣ್ಣ ತೂತುಗಳನ್ನು ಮಾಡುತ್ತಾರೆ. ಅಮೆರಿಕದ ರಿಚರ್ಡ್ ಸ್ಟೆಡ್‌ಮನ್ 1980ರ ದಶಕದಲ್ಲಿ ಈ ವಿಧಾನವನ್ನು ರೂಪಿಸಿದರು. ತೂತುಗಳಿಂದ ರಕ್ತವೂ ಮಜ್ಜೆಯ ಆಕರ ಕೋಶಗಳೂ ಬಂದು ಹೆಪ್ಪುಗಟ್ಟುತ್ತವೆ. ರಕ್ತದಲ್ಲಿರುವ ಬೆಳವಣಿಗೆ ಕಾರಕಗಳು ಅಲ್ಲಿ ಕೆಲಸ ಆರಂಭಿಸುತ್ತವೆ. ಹಳ್ಳ ತುಂಬುತ್ತದೆ. ಆದರೆ ತುಂಬುವುದು ಮೂಲದ ಗಾಜಿನಂಥ ಮೃದ್ವಸ್ಥಿಯಲ್ಲ, ನಾರುನಾರಾದ ಇನ್ನೊಂದು ಬಗೆ. ಡಾಂಬರು ರಸ್ತೆಯ ಗುಂಡಿಗೆ ಮಣ್ಣು ತುಂಬಿದಂತೆ, ಕೆಲಕಾಲ ಸರಿ, ಆಮೇಲೆ ಮತ್ತೆ ಸವೆಯುತ್ತದೆ.

ಎರಡನೆಯ ಉಪಾಯ ಸ್ವೀಡನ್ನಿನಿಂದ ಬಂತು. ಅಲ್ಲಿನ ವೈದ್ಯರು ರೋಗಿಯ ಮಂಡಿಯಿಂದಲೇ ಒಳ್ಳೆಯ ಮೃದ್ವಸ್ಥಿಯ ಒಂದು ಚೂರು ತೆಗೆದರು. ಪ್ರಯೋಗಾಲಯದಲ್ಲಿ ಎರಡು ಮೂರು ವಾರ ಅದರ ಕೋಶಗಳನ್ನು ಹೆಚ್ಚಿಸಿದರು. ಮತ್ತೆ ಅವನ್ನು ಗಾಯದ ಜಾಗದಲ್ಲಿ ನೆಟ್ಟರು. ಇದು ಸಸಿಮಡಿಯಲ್ಲಿ ಸಸಿ ಬೆಳೆಸಿ ಗದ್ದೆಯಲ್ಲಿ ನಾಟಿ ಮಾಡಿದಂತೆ. 14ರಿಂದ 48 ವರ್ಷದ 23 ಜನರಿಗೆ ಹೀಗೆ ಮಾಡಿದ ಫಲಿತಾಂಶವನ್ನು ಮ್ಯಾಟ್ಸ್ ಬ್ರಿಟ್‌ಬರ್ಗ್, ಲಾರ್ಸ್ ಪೀಟರ್ಸನ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದರು. ತೊಡೆಮೂಳೆಯ ತುದಿಗೆ ಚಿಕಿತ್ಸೆ ಪಡೆದ 16 ಜನರಲ್ಲಿ 14 ಜನ ಎರಡು ವರ್ಷದ ನಂತರ ಚೆನ್ನಾಗಿದ್ದರು. ಮಂಡಿಚಿಪ್ಪಿನ ಗಾಯಗಳಲ್ಲಿ ಅಷ್ಟು ಒಳ್ಳೆಯ ಫಲ ಸಿಗಲಿಲ್ಲ.

ಇಲ್ಲೊಂದು ತೊಡಕಿದೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮೃದ್ವಸ್ಥಿಯ ಕೋಶಗಳು ಚಪ್ಪಟೆಯಾಗಿ ಹರಡಿಕೊಳ್ಳುತ್ತವೆ. ಸಂಖ್ಯೆ ಹೆಚ್ಚುತ್ತದೆ, ಆದರೆ ತಮ್ಮ ಕಸುಬನ್ನು ಮರೆಯುತ್ತವೆ! 1982ರಲ್ಲಿ ಪಾಲ್ ಬೆನ್ಯ ಮತ್ತು ಜಾಯ್ಸ್ ಶೇಫರ್ ಇಂಥ ಕೋಶಗಳನ್ನು ಅಗರೋಸ್ ಎಂಬ ಲೋಳೆಯೊಳಗೆ ಹುದುಗಿಸಿದರು. ಕೋಶಗಳು ಮತ್ತೆ ಗುಂಡಗಾಗಿ ಮೃದ್ವಸ್ಥಿಯ ವಸ್ತುವನ್ನು ತಯಾರಿಸಿದವು. ಅಂಗಡಿಯಲ್ಲಿ ಚೈನಾ ಗ್ರಾಸ್ ಎಂದು ಸಿಗುವ ಕಡಲಪಾಚಿಯ ಅಗರ್‌ನಿಂದಲೇ ಅಗರೋಸ್ ಮಾಡುತ್ತಾರೆ. ಕೋಶಕ್ಕೆ ಓಲೆಯೊಂದೇ ಸಾಲದು, ಕೂರಲು ತಕ್ಕ ಮನೆಯೂ ಬೇಕು ಎಂದು ಇದರಿಂದ ತಿಳಿಯಿತು.

ಮೂರನೆಯ ಉಪಾಯ, ಮನೆ ಮತ್ತು ಓಲೆ ಎರಡನ್ನೂ ಒಟ್ಟಿಗೆ ಕೊಡುವುದು. ಬೆಳವಣಿಗೆ ಕಾರಕವನ್ನು ಬರಿದೇ ಕೀಲಿಗೆ ಚುಚ್ಚಿದರೆ ಅದು ಬೇಗನೆ ಅಲ್ಲಿಂದ ಹೊರಟುಹೋಗುತ್ತದೆ. ತೋಟಕ್ಕೆ ಒಮ್ಮೆಲೇ ನೀರು ಹಾಯಿಸಿದರೆ ಬಹಳಷ್ಟು ಹರಿದುಹೋಗುವುದಿಲ್ಲವೆ? ಅದಕ್ಕೇ ರೈತರು ಹನಿ ನೀರಾವರಿ ಮಾಡುತ್ತಾರೆ. ಹಾಗೆಯೇ ವಿಜ್ಞಾನಿಗಳು ಜೆಲಟಿನ್, ಕಡಲಪಾಚಿಯ ಆಲ್ಜಿನೇಟ್ ಮೊದಲಾದ ಲೋಳೆಗಳಲ್ಲಿ ಕಾರಕವನ್ನು ಬೆರೆಸಿ, ಅದು ನಿಧಾನವಾಗಿ ಹೊರಬರುವಂತೆ ಪ್ರಯೋಗ ಮಾಡುತ್ತಿದ್ದಾರೆ. ಪ್ರಾಣಿಗಳಲ್ಲಿ ಉತ್ತಮ ಫಲ ಸಿಕ್ಕಿರುವ ಉದಾಹರಣೆಗಳಿವೆ.

ನಮ್ಮ ರಾಜ್ಯದಲ್ಲೂ ಇದಕ್ಕೆ ಹತ್ತಿರದ ಕೆಲಸ ನಡೆದಿದೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ದಾನಿಗಳ ಅಸ್ಥಿಮಜ್ಜೆಯ ಆಕರ ಕೋಶಗಳಿಂದ ಮಂಡಿ ಸವೆತಕ್ಕೆ ಒಂದು ಚುಚ್ಚುಮದ್ದು ತಯಾರಿಸಿತು. 2022ರಲ್ಲಿ ಭಾರತದ ಔಷಧ ನಿಯಂತ್ರಕರು ಅದಕ್ಕೆ ಅನುಮತಿ ಕೊಟ್ಟರು. ಇಂಥ ಕೋಶಗಳು ಹೊರಸೂಸುವ ಕಾರಕಗಳಿಂದಲೇ ಬಹುಪಾಲು ಪ್ರಯೋಜನ ಎಂದು ಅನೇಕ ವಿಜ್ಞಾನಿಗಳ ಅಭಿಪ್ರಾಯ.

549 ಜನರ ಪರೀಕ್ಷೆ

ಒಂದು ಔಷಧ ಕೆಲಸ ಮಾಡುತ್ತದೆ ಎಂದು ತಿಳಿಯುವುದು ಹೇಗೆ? ಎಫ್‌ಜಿಎಫ್-18ರಿಂದ ಮಾಡಿದ ಸ್ಪ್ರಿಫರ್ಮಿನ್ ಎಂಬ ಔಷಧದ ಪರೀಕ್ಷೆಯನ್ನು ನೋಡಿ. ಮಂಡಿ ಸವೆತವಿದ್ದ 549 ಜನರನ್ನು ಚೀಟಿ ಎತ್ತಿದಂತೆ ಐದು ಗುಂಪು ಮಾಡಿದರು. ನಾಲ್ಕು ಗುಂಪುಗಳಿಗೆ ಬೇರೆ ಬೇರೆ ಪ್ರಮಾಣ ಮತ್ತು ಅಂತರದಲ್ಲಿ ಔಷಧ ಕೊಟ್ಟರು. ಐದನೆಯ ಗುಂಪಿಗೆ ಔಷಧವಿಲ್ಲದ ಚುಚ್ಚುಮದ್ದು. ಯಾರಿಗೆ ಯಾವುದು ಎಂದು ರೋಗಿಗಳಿಗೆ ತಿಳಿಸಲಿಲ್ಲ. ಎಂಆರ್‌ಐ ಯಂತ್ರದಿಂದ ಮೃದ್ವಸ್ಥಿಯ ದಪ್ಪ ಅಳೆದರು. ಎರಡು ವರ್ಷದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು.

ಔಷಧವಿಲ್ಲದ ಚುಚ್ಚುಮದ್ದು ಪಡೆದವರಿಗೆ ಹೋಲಿಸಿದರೆ, ಆರು ತಿಂಗಳಿಗೊಮ್ಮೆ 100 ಮೈಕ್ರೊಗ್ರಾಂ ಪ್ರಮಾಣದಲ್ಲಿ ಔಷಧ ಪಡೆದವರ ಮೃದ್ವಸ್ಥಿಯಲ್ಲಿ 0.05 ಮಿಲಿಮೀಟರು ಹೆಚ್ಚಳ ಕಂಡಿತು. ಇದು ಎಷ್ಟು? 200 ಪುಟದ ನೋಟ್‌ಬುಕ್ಕಿನಲ್ಲಿ 100 ಹಾಳೆಗಳಿರುತ್ತವೆ. ಹೊದಿಕೆ ಬಿಟ್ಟು ಹಾಳೆಗಳ ದಪ್ಪವನ್ನು ಸ್ಕೇಲಿನಿಂದ ಅಳೆದು 100ರಿಂದ ಭಾಗಿಸಿ. ಒಂದು ಹಾಳೆಯ ದಪ್ಪ 0.1 ಮಿಲಿಮೀಟರಿನ ಆಸುಪಾಸು ಬರುತ್ತದೆ. ಅಂದರೆ ಹೆಚ್ಚಳವು ಅರ್ಧ ಹಾಳೆಯಷ್ಟು. ಚಿಕ್ಕದು ನಿಜ. ಆದರೆ ಸವೆಯುತ್ತಲೇ ಹೋಗುವ ಪದರ ದಪ್ಪವಾಗಬಲ್ಲದು ಎಂಬುದೇ ಹೊಸ ಸುದ್ದಿ. ಹಂಟರ್ ಕಾಲದಿಂದ ನಂಬಿದ್ದಕ್ಕೆ ಇದು ಒಂದು ಪುಟ್ಟ ಉತ್ತರ.

ನೋವು ಏನಾಯಿತು? ಎಲ್ಲ ಗುಂಪುಗಳಲ್ಲೂ ನೋವು ಕಡಿಮೆಯಾಗಿತ್ತು, ಔಷಧವಿಲ್ಲದ ಚುಚ್ಚುಮದ್ದಿನ ಗುಂಪಿನಲ್ಲೂ! ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಐದನೆಯ ಗುಂಪು ಇಲ್ಲದಿದ್ದರೆ ಎಲ್ಲರೂ ಔಷಧದಿಂದಲೇ ನೋವು ಹೋಯಿತು ಎಂದುಕೊಳ್ಳುತ್ತಿದ್ದರು. ರೋಗಿಗೆ ಬೇಕಾದದ್ದು ಯಂತ್ರದಲ್ಲಿ ಕಾಣುವ ದಪ್ಪವಲ್ಲ. ನೋವಿಲ್ಲದೆ ಬಸ್ಸು ಹತ್ತುವುದು, ಬಾವಿಯಿಂದ ನೀರು ತರುವುದು. ಆದ್ದರಿಂದ ಕೆಲಸ ಅರ್ಧ ಮಾತ್ರ ಆಗಿದೆ.

ಎಚ್ಚರ ಏಕೆ ಬೇಕು?

ಬೆಳೆಯಲು ಹೇಳುವ ಓಲೆ ತಪ್ಪು ವಿಳಾಸಕ್ಕೆ ಹೋದರೆ ತೊಂದರೆ. ಇಲಿಗಳ ಕೀಲಿಗೆ ಟಿಜಿಎಫ್-ಬೀಟಾ ಹೆಚ್ಚಾಗಿ ಕೊಟ್ಟಾಗ ಕೀಲಿನ ಅಂಚಿನಲ್ಲಿ ಬೇಡದ ಮೂಳೆಯ ಮುಳ್ಳುಗಳು ಬೆಳೆದವು, ಕೀಲಿನ ಪೊರೆ ದಪ್ಪವಾಯಿತು. ಬಿಎಂಪಿ ಮೃದ್ವಸ್ಥಿ ಬೇಕಾದ ಕಡೆ ಮೂಳೆಯನ್ನೇ ಕಟ್ಟಿಬಿಡಬಹುದು. ಮೈಯಲ್ಲಿ ಕ್ಯಾನ್ಸರ್ ಗಡ್ಡೆ ಇದ್ದರೆ ಅದರ ಕೋಶಗಳಿಗೂ ಕೆಲವು ಕಾರಕಗಳು ನೆರವಾದಾವು ಎಂಬ ಭಯವಿದೆ.

ತಯಾರಿಕೆಯಲ್ಲೂ ಎಚ್ಚರ ಬೇಕು. ದಕ್ಷಿಣ ಕೊರಿಯದಲ್ಲಿ 2017ರಲ್ಲಿ ಮಂಡಿ ಸವೆತದ ಒಂದು ಚುಚ್ಚುಮದ್ದಿಗೆ ಅನುಮತಿ ದೊರೆಯಿತು. ಅದರಲ್ಲಿ ಟಿಜಿಎಫ್-ಬೀಟಾ ತಯಾರಿಸುವಂತೆ ಬದಲಿಸಿದ ಜೀವಕೋಶಗಳಿದ್ದವು. ಅವು ಮೃದ್ವಸ್ಥಿಯ ಕೋಶಗಳು ಎಂದು ದಾಖಲೆಯಲ್ಲಿತ್ತು. ಆದರೆ ಅವು ಮೂತ್ರಪಿಂಡದ ಕೋಶಗಳಿಂದ ಬಂದವು ಎಂದು 2019ರಲ್ಲಿ ಗೊತ್ತಾಯಿತು! ಅಲ್ಲಿನ ಸರ್ಕಾರ ಅನುಮತಿಯನ್ನು ರದ್ದು ಮಾಡಿತು. ಅಷ್ಟರಲ್ಲಿ ಸಾವಿರಾರು ಜನ ಅದನ್ನು ಪಡೆದಿದ್ದರು.

ಹಾಗಾದರೆ "ಒಂದೇ ಚುಚ್ಚುಮದ್ದಿಗೆ ಮಂಡಿನೋವು ಮಾಯ" ಎಂಬ ಜಾಹೀರಾತು ಕಂಡಾಗ ಏನು ಕೇಳಬೇಕು? ಎಷ್ಟು ಜನರಲ್ಲಿ ಪರೀಕ್ಷಿಸಿದ್ದಾರೆ? ಔಷಧವಿಲ್ಲದ ಗುಂಪಿನೊಡನೆ ಹೋಲಿಸಿದ್ದಾರೆಯೆ? ಎಷ್ಟು ವರ್ಷ ಗಮನಿಸಿದ್ದಾರೆ? ಸರ್ಕಾರದ ಅನುಮತಿ ಇದೆಯೆ? ಈ ನಾಲ್ಕು ಪ್ರಶ್ನೆಗಳನ್ನು ಮನೆಯವರಿಗೂ ತಿಳಿಸಿ.

ಈಗ ನಾವು ಮಾಡಬಹುದಾದದ್ದು

ಪ್ರಯೋಗಾಲಯದ ಕೆಲಸ ಮುಗಿಯುವ ತನಕ ಇರುವ ಮೃದ್ವಸ್ಥಿಯನ್ನು ಕಾಪಾಡಿಕೊಳ್ಳುವುದೇ ಜಾಣತನ. ದಿನವೂ ಆಡಿ, ನಡೆಯಿರಿ. ತೊಡೆಯ ಸ್ನಾಯು ಬಲವಾಗಿದ್ದರೆ ಮಂಡಿಯ ಭಾರವನ್ನು ಅದು ಹಂಚಿಕೊಳ್ಳುತ್ತದೆ. ತೂಕ ಮಿತಿಯಲ್ಲಿರಲಿ. ಆಟದಲ್ಲಿ ಮಂಡಿ ತಿರುಚಿ ಊದಿಕೊಂಡರೆ ಎಳೆದು ನೀವುವುದು ಬೇಡ. ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಮಂಡಿನೋವಿರುವ ಹಿರಿಯರೂ ಪೂರ್ತಿ ಕೂತುಬಿಡಬಾರದು. ವೈದ್ಯರು ಹೇಳಿದ ವ್ಯಾಯಾಮವನ್ನು ಅವರ ಜೊತೆಗೆ ನೀವೂ ಮಾಡಿದರೆ ಅವರಿಗೆ ಉತ್ಸಾಹ ಬರುತ್ತದೆ.

ಪದ ಪರಿಚಯ

ಮೃದ್ವಸ್ಥಿ – ಮೂಳೆಗಿಂತ ಮೃದುವಾದ, ಬಾಗುವ ಅಂಗಾಂಶ
ಬೆಳವಣಿಗೆ ಕಾರಕ – ಜೀವಕೋಶಗಳಿಗೆ ಬೆಳೆಯಲು, ಬದಲಾಗಲು ಸೂಚನೆ ಕೊಡುವ ವಸ್ತು
ಗ್ರಾಹಿ – ಸೂಚನೆಯನ್ನು ಸ್ವೀಕರಿಸುವ ಅಣು
ಆಕರ ಕೋಶ – ಬೇರೆ ಬಗೆಯ ಕೋಶಗಳಾಗಬಲ್ಲ ಕೋಶ
ಭ್ರೂಣ – ಮೊಟ್ಟೆ ಅಥವಾ ಗರ್ಭದಲ್ಲಿ ಬೆಳೆಯುತ್ತಿರುವ ಜೀವಿ

ಯೋಚಿಸಿ ಉತ್ತರಿಸಿ

1. ಚರ್ಮದ ಗಾಯ ಮಾಯುವಷ್ಟು ಸುಲಭವಾಗಿ ಕೀಲಿನ ಮೃದ್ವಸ್ಥಿಯ ಗಾಯ ಮಾಯುವುದಿಲ್ಲ. ಎರಡು ಕಾರಣ ಬರೆಯಿರಿ.
2. ಬಹಳ ದಿನ ಕಾಲು ಆಡಿಸದಿದ್ದರೆ ಮೃದ್ವಸ್ಥಿಗೆ ಏಕೆ ತೊಂದರೆಯಾಗುತ್ತದೆ? ಸ್ಪಂಜಿನ ಪ್ರಯೋಗದ ಸಹಾಯದಿಂದ ವಿವರಿಸಿ.
3. ಮೃದ್ವಸ್ಥಿಯ ಕೋಶಗಳನ್ನು ಅಗರೋಸ್ ಲೋಳೆಯಲ್ಲಿ ಇಟ್ಟಾಗ ಏನಾಯಿತು?
4. ಒಂದು ಗ್ರಾಂ ಎಂದರೆ 10 ಲಕ್ಷ ಮೈಕ್ರೊಗ್ರಾಂ. ಹಾಗಾದರೆ 100 ಮೈಕ್ರೊಗ್ರಾಂ ಒಂದು ಗ್ರಾಮಿನ ಎಷ್ಟನೆಯ ಒಂದು ಭಾಗ?
5. ಔಷಧದ ಪರೀಕ್ಷೆಯಲ್ಲಿ ಔಷಧವಿಲ್ಲದ ಚುಚ್ಚುಮದ್ದಿನ ಗುಂಪು ಏಕೆ ಬೇಕು? ತರಗತಿಯಲ್ಲಿ ಚರ್ಚಿಸಿ.

ಶಿಕ್ಷಕರ ಗಮನಕ್ಕೆ: ಸ್ಪಂಜಿನ ಪ್ರಯೋಗವನ್ನು ತರಗತಿಯಲ್ಲೇ ಗುಂಪುಗಳಲ್ಲಿ ಮಾಡಿಸಿ. ಹಾಳೆಯ ದಪ್ಪ ಅಳೆಯುವ ಚಟುವಟಿಕೆಯನ್ನು ಗಣಿತದ ದಶಮಾಂಶ ಪಾಠದ ಜೊತೆಗೂ ಬಳಸಬಹುದು. ಮೂಳೆಯ ಪ್ರಯೋಗವನ್ನು ಮಕ್ಕಳ ಮನೆಯ ಪದ್ಧತಿಗೆ ಅನುಗುಣವಾಗಿ ಐಚ್ಛಿಕವಾಗಿರಿಸಿ. ಮಾಡದವರು ಓದಿ ತಿಳಿದರೆ ಸಾಕು.